ಮೂರು ಗೇರಿನ ಪಿಕಪ್‌ಗೆ ನಾಲ್ಕನೇ ಗೇರು ಬಂದ ಕಥೆ

ಹೊರಗೆ ಗೇಟಿನ ಪಕ್ಕ ಹಲಸಿನ ಮರದ ಕೆಳಗೆ ಒಂದು ಹಸಿರು ಪಿಕಪ್ ನಿಂತಿದೆ. ಒಳಗೆ ಬರುವಾಗ ನೀವೆಲ್ಲ ನೋಡಿದ್ದೀರಿ, ಕೆಲವರು ಬಗ್ಗಿ ಅಡಿಯನ್ನೂ ನೋಡಿದಿರಿ. ಅದು ಇವತ್ತು ಬೆಳಿಗ್ಗೆ ಬಜಗೋಳಿಯಿಂದ ಹೊರಟು ಕಾರ್ಕಳ, ಬೈಲೂರು, ಹಿರಿಯಡ್ಕ, ಮಣಿಪಾಲ ದಾಟಿ ಉಡುಪಿಗೆ ತನ್ನ ಚಕ್ರದ ಮೇಲೇ ಬಂತು. ಮೂರು ವರ್ಷದ ಹಿಂದೆ ಅದೇ ಗಾಡಿ ನಮ್ಮ ಅಡಿಕೆ ಅಂಗಳದ ಮೂಲೆಯಲ್ಲಿ ತೆಂಗಿನ ಮಡಲು ಹೊದ್ದುಕೊಂಡು ಮಲಗಿತ್ತು. ನಾಲ್ಕು ಟಯರಿಗೂ ಗಾಳಿ ಇರಲಿಲ್ಲ, ಎಡಗಡೆ ಬಾಗಿಲಿನ ತಳ ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಮುರಿದು ಬರುತ್ತಿತ್ತು. ಆ ಗಾಡಿ ಇಲ್ಲಿಯವರೆಗೆ ಹೇಗೆ ಬಂತು ಅನ್ನೋದನ್ನು, ಅದರಲ್ಲೂ ಗೇರ್‌ಬಾಕ್ಸ್ ಬದಲಾಯಿಸಿದ ಕೆಲಸವನ್ನು, ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮಲ್ಲಿ ಐದಾರು ಜನರ ಮನೆಯಲ್ಲಿ ಇಂಥದ್ದೇ ಜೀಪು ನಿಂತಿದೆ ಅಂತ ಗೊತ್ತುಂಟು. ಅವರಿಗೆ ಉಪಯೋಗಕ್ಕೆ ಬರಲಿ ಅಂತಲೇ ಅಳತೆ ಬರೆದ ಪುಸ್ತಕವನ್ನೂ ತಂದಿದ್ದೇನೆ.

ಗಾಡಿ 1972ರದ್ದು. ಆರ್‌ಸಿ ಪುಸ್ತಕದ ಮೇಲೆ ಮೈಸೂರು ರಾಜ್ಯ ಅಂತ ಉಂಟು, ಯಾಕಂದ್ರೆ ಕರ್ನಾಟಕ ಅಂತ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಹುಟ್ಟುವಾಗ ಅದು ಮಹೀಂದ್ರದ ಉದ್ದ ಜೀಪು, ಪೆಟ್ರೋಲ್ ಇಂಜಿನ್. ಆ ಜೀಪುಗಳ ಬಾನೆಟ್ ಯಾಕೆ ಅಷ್ಟು ಎತ್ತರ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ವಿಲ್ಲಿಸ್ ಕಂಪನಿ ಮೊದಲಿನ ಇಂಜಿನ್ ಬಿಟ್ಟು ಹರಿಕೇನ್ ಅನ್ನೋ 2.2 ಲೀಟರ್ ಇಂಜಿನ್ ಹಾಕಿತು. ಅದರ ಇನ್‌ಲೆಟ್ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಎಗ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ಹಾಗಾಗಿ ಇಂಜಿನ್ ಎತ್ತರ ಆಯಿತು, ಹಳೇ ಬಾನೆಟ್ ಒಳಗೆ ಕೂರಲಿಲ್ಲ, ಬಾನೆಟ್ಟನ್ನೇ ಎತ್ತರಿಸಿದರು. 1953ರಿಂದ ಬಂದ ಆ ಮುಖವನ್ನೇ ನಮ್ಮ ದೇಶ ಮುಂದೆ ಎಷ್ಟೋ ದಶಕ ಜೀಪು ಅಂತ ಗುರುತಿಸಿದ್ದು. ನಮ್ಮ ಗಾಡಿಯಲ್ಲಿ ಆ ಪೆಟ್ರೋಲ್ ಇಂಜಿನ್ ಈಗ ಇಲ್ಲ. ಅಪ್ಪ 1990ರ ದಶಕದಲ್ಲಿ ಪೆಜೋ ಡೀಸೆಲ್ ಹಾಕಿಸಿದರು, ಎಕ್ಸ್‌ಡಿಪಿ 4.90 ಅಂತ, 2,112 ಸಿಸಿ. ಅದಕ್ಕೂ ಮೊದಲಿನ ಮಾಲೀಕರು ಹಿಂದಿನ ಬಾಡಿ ಕತ್ತರಿಸಿ ಪಿಕಪ್ ಮಾಡಿದ್ದರು. ಅವರದ್ದು ಮೀನಿನ ವ್ಯಾಪಾರ. ಮಲ್ಪೆ ಧಕ್ಕೆಯಿಂದ ಬೂತಾಯಿ, ಬಂಗುಡೆ ಬಾಕ್ಸ್ ತುಂಬಿಸಿ ಘಟ್ಟದ ಮೇಲೆ ಒಯ್ಯುತ್ತಿದ್ದರು. ಈ ಮೀನಿನ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಕೆಲಸ ಶುರು ಮಾಡುವ ಮೊದಲು ನಾನು ಒಂದು ವಿಷಯ ತೀರ್ಮಾನ ಮಾಡಿದೆ. ಈ ಗಾಡಿ ಪ್ರದರ್ಶನಕ್ಕೋ, ಕೆಲಸಕ್ಕೋ? ಎರಡೂ ಒಳ್ಳೆಯದೇ. 1972ರಲ್ಲಿ ಹೇಗಿತ್ತೋ ಹಾಗೇ ಬೇಕು ಅಂದರೆ ಡೀಸೆಲ್ ಇಳಿಸಬೇಕು, ಪೆಟ್ರೋಲ್ ಇಂಜಿನ್ ಹುಡುಕಬೇಕು, ಹಿಂದಿನ ಬಾಡಿ ಹೊಸದಾಗಿ ಮಾಡಿಸಬೇಕು. ಹಾಗೆ ಮಾಡಿದವರ ಮೇಲೆ ನನಗೆ ತುಂಬ ಗೌರವ. ಆದರೆ ಅರ್ಧ ಅದು, ಅರ್ಧ ಇದು ಅಂತ ಹೊರಟರೆ ಗಾಡಿ ಎರಡಕ್ಕೂ ಆಗುವುದಿಲ್ಲ. ನಮಗೆ ಬೇಕಿದ್ದದ್ದು ಕೆಲಸದ ಗಾಡಿ. ನಮ್ಮ ಮನೆ ಗುಡ್ಡದ ಮೇಲೆ, ತೋಟ ಕೆಳಗೆ. ನಡುವೆ ಮುಕ್ಕಾಲು ಕಿಲೋಮೀಟರ್ ಮಣ್ಣಿನ ದಾರಿ, ಎರಡು ಕಡೆ ಹಿಂದೆ ಮುಂದೆ ಮಾಡದೆ ತಿರುಗಲಿಕ್ಕಾಗದ ತಿರುವು, ಕೊನೆಯಲ್ಲಿ ಒಂದು ತೋಡು. ಮಳೆಗಾಲದಲ್ಲಿ ಆ ಕೆಂಪು ಮಣ್ಣು ಹೇಗಿರುತ್ತದೆ ಅಂತ ಈ ಊರಿನವರಿಗೆ ನಾನು ಹೇಳಬೇಕಾ? ಆ ದಾರಿಯಲ್ಲಿ ಗೊಬ್ಬರ ಇಳಿಸಬೇಕು, ಅಡಿಕೆ ಗೊನೆ ಹತ್ತಿಸಬೇಕು. ಮುಂದೆ ಮಾಡಿದ ಪ್ರತಿಯೊಂದು ತೀರ್ಮಾನವೂ ಆ ಮುಕ್ಕಾಲು ಕಿಲೋಮೀಟರಿನಿಂದಲೇ ಬಂತು.

ಮೊದಲ ಕೆಲಸ ಗೇರ್‌ಬಾಕ್ಸಿನದ್ದಲ್ಲ, ಚಾಸಿಸ್‌ನದ್ದು, ಅಂದರೆ ಇಡೀ ಗಾಡಿ ಕೂರುವ ಕಬ್ಬಿಣದ ಚೌಕಟ್ಟಿನದ್ದು. ತುಂಬ ಜನ ಇಲ್ಲಿ ಆತುರ ಮಾಡುತ್ತಾರೆ. ಇಂಜಿನ್ ಸ್ಟಾರ್ಟ್ ಆಯಿತು ಅಂದ ಕೂಡಲೇ ಪೇಂಟ್ ಬಣ್ಣ ಆರಿಸಲಿಕ್ಕೆ ಹೋಗುತ್ತಾರೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ, ಮೇಲಿಂದ ಉಪ್ಪಿನ ಗಾಳಿ. ನಮ್ಮ ಗಾಡಿಗೆ ಅದರ ಜೊತೆ ಮೀನಿನ ನೀರು. ಮಂಜುಗಡ್ಡೆ ಕರಗಿ ಮೀನಿನ ಉಪ್ಪು ಸೇರಿದ ನೀರು ವರ್ಷಗಟ್ಟಲೆ ಬಾಡಿಯಿಂದ ಚಾಸಿಸ್ ಮೇಲೆ ಹನಿದಿದೆ. ಹೊರಗಿನಿಂದ ನೋಡಿದರೆ ಕಪ್ಪು ಬಣ್ಣ ಚೆನ್ನಾಗೇ ಇತ್ತು. ನಮ್ಮ ಗಾಡಿ ರಿಪೇರಿಯ ಮೇಸ್ತ್ರಿ ಒಂದು ಸಣ್ಣ ಸುತ್ತಿಗೆ ಹಿಡಿದುಕೊಂಡು ಅಡಿಗೆ ಹೋದರು. ಮುಂದಿನಿಂದ ಹಿಂದಕ್ಕೆ ಅರ್ಧ ಅರ್ಧ ಅಡಿಗೊಂದು ಪೆಟ್ಟು. ಟಣ್, ಟಣ್, ಟಣ್ ಅಂತ ಬರುತ್ತಿದ್ದ ಶಬ್ದ ಹಿಂದಿನ ಸ್ಪ್ರಿಂಗ್ ಹ್ಯಾಂಗರ್, ಅಂದರೆ ಚಾಸಿಸ್‌ಗೆ ಸ್ಪ್ರಿಂಗ್ ಸಿಕ್ಕಿಸುವ ಜಾಗದ ಹತ್ತಿರ ಬಂದಾಗ ಡಬ್ ಅಂತು. ಅಲ್ಲಿ ಸ್ಕ್ರೂಡ್ರೈವರ್ ಒತ್ತಿದರು, ಹಿಡಿಯವರೆಗೆ ಒಳಗೆ ಹೋಯಿತು.

ಆ ಜಾಗದಲ್ಲೇ ಯಾಕೆ? ಲೋಡಿಗೆ ಗಟ್ಟಿ ಆಗಲಿ ಅಂತ ಯಾರೋ ಹಿಂದೆ ಚಾಸಿಸ್ ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ ಇಟ್ಟು ವೆಲ್ಡ್ ಮಾಡಿದ್ದರು. ಎರಡು ತಗಡಿನ ನಡುವೆ ಕೂದಲೆಳೆಯಷ್ಟು ಸಂದು ಇದ್ದರೂ ಸಾಕು, ನೀರು ಒಳಗೆ ಹೋಗುತ್ತದೆ, ಗಾಳಿ ಆಡುವುದಿಲ್ಲ, ಒಣಗುವುದಿಲ್ಲ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಜಾಸ್ತಿ ಜಾಗ ಕೇಳುತ್ತದೆ, ಹಾಗಾಗಿ ಆ ಎರಡು ಪಟ್ಟಿ ಉಬ್ಬಿಕೊಂಡು ಬೇರೆ ಬೇರೆ ಆಗಿದ್ದವು. ನಿಮ್ಮ ಗಾಡಿಯಲ್ಲೂ ಮೊದಲು ಇಂಥ ಜೋಡಿ ತಗಡಿನ ಜಾಗ ನೋಡಿ: ಸ್ಪ್ರಿಂಗ್ ಹ್ಯಾಂಗರ್, ಕ್ರಾಸ್ ಮೆಂಬರ್ ಅನ್ನೋ ಅಡ್ಡಪಟ್ಟಿ ಸೇರುವ ಮೂಲೆ, ಬಾಡಿ ಮೌಂಟಿನ ಅಡಿ, ಆಮೇಲೆ ಕಾಲಿಡುವ ಫ್ಲೋರ್. ಬಯಲಾಗಿ ಕಾಣುವ ತಗಡು ಕೆಂಪಗಾಗಿದ್ದರೆ ಅಷ್ಟು ಹೆದರಬೇಡಿ, ತಂತಿ ಬ್ರಷ್ಷಿಗೆ ಬರುತ್ತದೆ.

ನಾವು ಹಾಳಾದ ಭಾಗ ಕತ್ತರಿಸಿ, ಅಷ್ಟೇ ದಪ್ಪದ ತಗಡು ಬಗ್ಗಿಸಿ ಕೂರಿಸಿದೆವು. ಕತ್ತರಿಸುವ ಮೊದಲು ಚಾಸಿಸ್‌ನ ನಾಲ್ಕು ಮೂಲೆಯಿಂದ ಅಡ್ಡಡ್ಡ ಅಳತೆ ತೆಗೆದು ಬರೆದಿಟ್ಟಿದ್ದೆವು, ವೆಲ್ಡ್ ಆದ ಮೇಲೆ ಮತ್ತೆ ಅಳೆದೆವು. ವೆಲ್ಡಿಂಗ್ ಶಾಖಕ್ಕೆ ಚಾಸಿಸ್ ಎಳೆದುಕೊಳ್ಳುತ್ತದೆ, ಅದಕ್ಕೆ ಒಂದೇ ಉಸಿರಿಗೆ ಉದ್ದ ವೆಲ್ಡ್ ಬೇಡ, ಅಲ್ಲೊಂದು ಇಲ್ಲೊಂದು ಇಂಚು ಹಾಕುತ್ತಾ ಹೋಗಬೇಕು. ಬ್ಯಾಟರಿ ವೈರ್, ಆಲ್ಟರ್ನೇಟರ್ ವೈರ್ ಎರಡನ್ನೂ ಮೊದಲೇ ತೆಗೆದಿಡಿ. ಡೀಸೆಲ್ ಟ್ಯಾಂಕ್ ಇಳಿಸಿ ದೂರ ಇಡಿ.

ಪಿಕಪ್‌ನ ಹಿಂದಿನ ತಳದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ, ಇದು ನನಗೆ ತುಂಬ ಪ್ರೀತಿಯ ಭಾಗ. ಹಳೇ ತಗಡಿನ ತಳ ಪೂರ್ತಿ ಹೋಗಿತ್ತು. ಮತ್ತೆ ತಗಡು ಹಾಕಿದರೆ ಮತ್ತೆ ಅದೇ ಕಥೆ. ನಾವು ಬೋಗಿ ಮರದ ಹಲಗೆ ಹಾಕಿದೆವು. ಹಳೇ ದನದ ಕೊಟ್ಟಿಗೆ ಬಿಚ್ಚಿದಾಗ ಸಿಕ್ಕಿದ ತೊಲೆ, ಸೀಳಿಸಿದಾಗ ಒಳಗೆ ಇನ್ನೂ ಕಬ್ಬಿಣದ ಹಾಗೆ ಇತ್ತು. ನಮ್ಮಲ್ಲಿ ಹಿಂದೆ ದೋಣಿಗೂ ಇದೇ ಮರ ಹಾಕುತ್ತಿದ್ದರು ತಾನೇ? ದೋಣಿಗೆ ಹಚ್ಚುವ ಗೇರೆಣ್ಣೆಯನ್ನೇ ಹಲಗೆಗೂ ಹಚ್ಚಿದೆವು, ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ. ಹುಳ ಹತ್ತಿರ ಬರುವುದಿಲ್ಲ, ನೀರು ಕುಡಿಯುವುದಿಲ್ಲ. ಕೈಗೆ ಮಾತ್ರ ತಾಗಿಸಬೇಡಿ, ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ. ಗ್ಲೌಸ್ ಹಾಕಿಕೊಂಡು, ಹಳೇ ಗೋಣಿ ತುಂಡಿನಲ್ಲಿ ಅದ್ದಿ ಮೂರು ಸಲ ಹಚ್ಚಿದೆವು. ಹಲಗೆ ಹಲಗೆ ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟಿದ್ದೇವೆ, ನೀರು ನಿಲ್ಲಬಾರದು ಅಂತ.

ಈಗ ಗೇರಿಗೆ ಬರೋಣ. ಈ ಜೀಪಿನ ಹಳೇ ಗೇರ್‌ಬಾಕ್ಸ್ ಟಿ-90, ಮೂರು ಗೇರು ಮತ್ತು ರಿವರ್ಸ್. ಅದರ ಹಿಂದೆ ಸ್ಪೈಸರ್ 18 ಅನ್ನೋ ಟ್ರಾನ್ಸ್‌ಫರ್ ಕೇಸ್, ಇಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ. ಫೋರ್‌ವೀಲ್‌ಗೆ ಒಂದು ಲಿವರ್, ಲೋ ಗೇರಿಗೆ ಇನ್ನೊಂದು. ಟಿ-90ರ ಒಂದನೇ ಗೇರು 2.798, ಅಂದರೆ ಇಂಜಿನ್ ಅಷ್ಟು ಸುತ್ತು ತಿರುಗಿದಾಗ ಹಿಂದಿನ ಶಾಫ್ಟ್ ಒಂದು ಸುತ್ತು; ಎರಡನೆಯದು 1.551, ಮೂರನೆಯದು ನೇರ, ಅಂದರೆ ಒಂದಕ್ಕೆ ಒಂದು. ಈ ಸಂಖ್ಯೆ ಸುಮ್ನೆ ಕೇಳಿದರೆ ಏನೂ ಅನಿಸುವುದಿಲ್ಲ, ನನಗೂ ಮೊದಲು ಅನಿಸಿರಲಿಲ್ಲ. ಅದಕ್ಕೆ ಲೆಕ್ಕ ಹಾಕಿ ನೋಡಿದೆ. ಹಿಂದಿನ ಹೌಸಿಂಗ್, ಅಂದರೆ ಹಿಂದಿನ ಎರಡು ಚಕ್ರದ ನಡುವಿನ ಗೇರು ಪೆಟ್ಟಿಗೆ, ಬಿಚ್ಚಿದಾಗ ಅದರ ದೊಡ್ಡ ಗೇರು ಕ್ರೌನಿನ ಹಲ್ಲು ಎಣಿಸಿದೆವು, 43. ಅದನ್ನು ತಿರುಗಿಸುವ ಸಣ್ಣ ಗೇರು ಪಿನಿಯನ್ನಿನದ್ದು 8. ಭಾಗಿಸಿದರೆ 5.38. ಆಮೇಲೆ ಟಯರಿಗೆ ಸೀಮೆಸುಣ್ಣದ ಗುರುತು ಹಾಕಿ ಅಂಗಳದಲ್ಲಿ ಒಂದು ಸುತ್ತು ಉರುಳಿಸಿದೆವು, 2 ಮೀಟರ್ 25 ಸೆಂಟಿಮೀಟರ್ ಬಂತು. ಈ ಹಳೇ ಡೀಸೆಲ್ಲನ್ನು ಲೋಡಿನಲ್ಲಿ ನಾನು ನಿಮಿಷಕ್ಕೆ 2,500 ಸುತ್ತಿನ ಮೇಲೆ ಓಡಿಸುವುದಿಲ್ಲ. ಆ ಲೆಕ್ಕದಲ್ಲಿ ಒಂದನೇ ಗೇರು ಮುಗಿಯುವುದು ಗಂಟೆಗೆ 22 ಕಿಲೋಮೀಟರಿಗೆ. ಅಲ್ಲಿ ಎರಡನೇ ಗೇರಿಗೆ ಹಾಕಿದರೆ ಇಂಜಿನ್ 2,500ರಿಂದ ಒಂದೇ ಸಲ 1,400ಕ್ಕೆ ಬೀಳುತ್ತದೆ.

ಮಾಳ ಘಾಟಿ ಹತ್ತಿದವರಿಗೆ, ಆಗುಂಬೆಯ 14 ತಿರುವು ಹತ್ತಿದವರಿಗೆ ಇದರ ಅರ್ಥ ಗೊತ್ತಾಗುತ್ತದೆ. ತಿರುವಿನಲ್ಲಿ ಒಂದನೇ ಗೇರು, ತಿರುವು ಮುಗಿದ ಮೇಲೆ ಇಂಜಿನ್ ಕೂಗುತ್ತದೆ, ಎರಡಕ್ಕೆ ಹಾಕುತ್ತೀರಿ, ಕೂಡಲೇ ಉಸಿರು ಕಟ್ಟಿ ನಡುಗಲಿಕ್ಕೆ ಶುರು ಮಾಡುತ್ತದೆ, ಮತ್ತೆ ಒಂದಕ್ಕೆ ಬರಬೇಕು. ಈ ಗೇರ್‌ಬಾಕ್ಸಿನಲ್ಲಿ ಒಂದನೇ ಗೇರಿಗೆ ಸಿಂಕ್ರೊ, ಅಂದರೆ ಗೇರು ಬೀಳುವ ಮೊದಲು ವೇಗ ಸಮ ಮಾಡುವ ರಿಂಗ್, ಇಲ್ಲ. ಓಡುತ್ತಿರುವಾಗ ಒಂದಕ್ಕೆ ಹಾಕಬೇಕಾದರೆ ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒಂದು ಒತ್ತು, ಮತ್ತೆ ಕ್ಲಚ್ ಒತ್ತಿ ಗೇರು. ಅಪ್ಪನಿಗೆ ಅದು ಕಾಲಿನಲ್ಲೇ ಇತ್ತು. ಅವರು ಮಾತಾಡುತ್ತಾ, ಎಡಗೈಯಲ್ಲಿ ಗೇರು ಹಾಕುತ್ತಾ ಹೋಗುತ್ತಿದ್ದರು, ಒಂದು ಸಲವೂ ಗರಗರ ಅನ್ನುತ್ತಿರಲಿಲ್ಲ. ನಾನು ಕಲಿತೆ, ಆದರೆ ನನ್ನ ತಮ್ಮ, ತೋಟಕ್ಕೆ ಬರುವ ಹುಡುಗರು ಎಲ್ಲರೂ ಓಡಿಸಬೇಕಾದ ಗಾಡಿ ಇದು.

ಕೊನೆಗೆ ತೀರ್ಮಾನ ಮಾಡಿಸಿದ್ದು ಬೇರೆಯೇ ಒಂದು ಘಟನೆ. ಟಿ-90ಗೆ ವಯಸ್ಸಾದ ಮೇಲೆ ಎರಡನೇ ಗೇರು ತಾನಾಗಿ ಹಾರಿ ನ್ಯೂಟ್ರಲ್‌ಗೆ ಬರುತ್ತದೆ. ಗೇರು ಹಲ್ಲಿನ ಅಂಚು ಸವೆದು ಓರೆ ಆಗಿರುತ್ತದೆ, ಶಾಫ್ಟ್ ಹಿಂದೆ ಮುಂದೆ ಆಡುತ್ತಿರುತ್ತದೆ. ಏರಿನಲ್ಲಿ ಹಾರಿದರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಇಳಿಯುವಾಗ ಹಾರಿದರೆ ಇಂಜಿನ್ನಿನ ಹಿಡಿತ ಪೂರ್ತಿ ಹೋಯಿತು. ಗೊಬ್ಬರದ ಲೋಡು ಇಟ್ಟುಕೊಂಡು ತೋಟಕ್ಕೆ ಇಳಿಯುವಾಗ ಎರಡನೇ ತಿರುವಿನ ಮೇಲೆ ನಮಗೆ ಹಾಗಾಯಿತು. ಗಾಡಿ ಹಗುರ ಆದ ಹಾಗೆ ಮುಂದೆ ಜಾರಿತು. ಅಪ್ಪ ಬ್ರೇಕಿನಲ್ಲೇ ನಿಲ್ಲಿಸಿದರು, ದಾರಿ ಬದಿಯ ಮಣ್ಣಿನ ಧರೆಗೆ ಒರಗಿಸಿ. ಹಿಂದೆ ಗೊಬ್ಬರದ ಮೇಲೆ ಇಬ್ಬರು ಕೂತಿದ್ದರು. ಅವತ್ತು ಸಂಜೆಯೇ ಮಡಲು ಹೊದೆಸಿದ್ದು. ಅಪ್ಪ ಮತ್ತೆ ಅದನ್ನು ಓಡಿಸಲಿಲ್ಲ.

ಹಾಗಾದರೆ ದಾರಿ ಏನು? ಟಿ-90ಯನ್ನೇ ಬಿಚ್ಚಿ ಹೊಸ ಸಾಮಾನು ಹಾಕಬಹುದಿತ್ತು. ಹಾರುವುದು ನಿಲ್ಲುತ್ತಿತ್ತು, ಆದರೆ ಒಂದು ಮತ್ತು ಎರಡರ ನಡುವಿನ ಆ ಕಂದಕ ಹಾಗೇ ಇರುತ್ತಿತ್ತು. ಎಲ್ಲರೂ ಕೊಟ್ಟ ಸಲಹೆ ಐದು ಗೇರಿನದ್ದು ಹಾಕು, ಹೈವೇಯಲ್ಲಿ ಸ್ಪೀಡ್ ಬರುತ್ತದೆ ಅಂತ. ಐದನೇ ಗೇರು ಓವರ್‌ಡ್ರೈವ್, ಅಂದರೆ ಇಂಜಿನ್ನಿಗಿಂತ ಶಾಫ್ಟ್ ಜೋರಾಗಿ ತಿರುಗುವ ಗೇರು, ಆದ್ದರಿಂದ ಅದು ನಿಜ. ಆದರೆ ನನಗೆ ಸ್ಪೀಡ್ ಯಾಕೆ? ಇದರ ಬ್ರೇಕು, ಸ್ಟಿಯರಿಂಗು, ಪಟ್ಟಿ ಸ್ಪ್ರಿಂಗು ಎಲ್ಲ 1972ರ ಲೆಕ್ಕದ್ದು. ಗೇರ್‌ಬಾಕ್ಸ್ ಉದ್ದ ಆದಷ್ಟು ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡ ಆಗುತ್ತದೆ, ಗಿಡ್ಡ ಆದಷ್ಟು ಅದರ ಓರೆ ಜಾಸ್ತಿ, ಅದರ ತುದಿಯ ಕೀಲು, ಕ್ರಾಸ್ ಅನ್ನೋದು, ಬೇಗ ಹೋಗುತ್ತದೆ. ಮೇಲಿಂದ ಸಿಗುವ ಐದು ಗೇರಿನ ಪೆಟ್ಟಿಗೆ ಹೆಚ್ಚಿನವು ಟೂ ವೀಲ್ ಗಾಡಿಯವು, ಅದಕ್ಕೆ ನಮ್ಮ ಟ್ರಾನ್ಸ್‌ಫರ್ ಕೇಸ್ ಕೂರುವುದಿಲ್ಲ. ನಾನು ಆರಿಸಿದ್ದು ಮಹೀಂದ್ರದ್ದೇ ಎಂಎಂ 540 ಜೀಪಿನ ನಾಲ್ಕು ಗೇರಿನ ಪೆಟ್ಟಿಗೆ, ಕೆಎಂಟಿ 90. ಆ ಜೀಪಿನಲ್ಲೂ ಇದೇ ಪೆಜೋ ಡೀಸೆಲ್, ಇದೇ ಸ್ಪೈಸರ್ 18. ಅಂದರೆ ಮುಂದೆ ಇಂಜಿನ್ನಿಗೆ, ಹಿಂದೆ ಟ್ರಾನ್ಸ್‌ಫರ್ ಕೇಸಿಗೆ, ಎರಡಕ್ಕೂ ಕಂಪನಿಯವರೇ ಮಾಡಿದ ಜೋಡಣೆ. ನಮ್ಮ ಗಾಡಿಯಲ್ಲಿ ಡೀಸೆಲ್ ಹಾಕುವಾಗ ಟಿ-90ಗೆ ಕೂರಿಸಲಿಕ್ಕೆ ಲೇತಿನಲ್ಲಿ ಮಾಡಿದ ಒಂದು ದಪ್ಪ ಪ್ಲೇಟ್ ನಡುವೆ ಇಟ್ಟಿದ್ದರು. ಅದೂ ಹೋಯಿತು.

ಟಾಪ್ ಗೇರು ಎರಡರಲ್ಲೂ ಒಂದಕ್ಕೆ ಒಂದೇ. ಹಾಗಾಗಿ ಗಾಡಿಯ ಸ್ಪೀಡ್ ಒಂದು ಕಿಲೋಮೀಟರೂ ಜಾಸ್ತಿ ಆಗಲಿಲ್ಲ. ಇದನ್ನು ಬೇರೆಯಾಗಿ ಹೇಳುತ್ತಿದ್ದೇನೆ, ಯಾಕಂದ್ರೆ ಗೇರು ಜಾಸ್ತಿ ಆದರೆ ಸ್ಪೀಡ್ ಜಾಸ್ತಿ ಅಂತ ದುಡ್ಡು ಸುರಿದು ಬೇಜಾರಾದವರನ್ನು ನಾನು ನೋಡಿದ್ದೇನೆ.

ಪೆಟ್ಟಿಗೆ ಸಿಕ್ಕಿದ್ದು ಮಂಗಳೂರಿನ ಒಂದು ಗುಜರಿ ಅಂಗಡಿಯಲ್ಲಿ. ಗುಜರಿಯಲ್ಲಿ ಗೇರ್‌ಬಾಕ್ಸ್ ನೋಡುವುದು ಹೇಗೆ ಅಂತ ಮೇಸ್ತ್ರಿ ಅವತ್ತು ತೋರಿಸಿದ್ದನ್ನು ನಾನು ಯಾವತ್ತೂ ಮರೆಯುವುದಿಲ್ಲ. ಅವರಿಗೆ 70ರ ಹತ್ತಿರ ವಯಸ್ಸು. ಅಂಗಡಿಯವರು ಮೂರು ಪೆಟ್ಟಿಗೆ ಎಳೆದು ಹಾಕಿದರು. ಇವರು ಮೊದಲು ಡ್ರೈನ್ ಬಿಚ್ಚಿ ಎಣ್ಣೆಯನ್ನು ಅಂಗೈಗೆ ಬಿಟ್ಟುಕೊಂಡು ಬಿಸಿಲಿಗೆ ಹಿಡಿದರು. ಒಂದರಲ್ಲಿ ಎಣ್ಣೆ ಬಂಗಾರದ ಪುಡಿ ಹಾಕಿದ ಹಾಗೆ ಮಿಂಚುತ್ತಿತ್ತು. ಅದು ಹಿತ್ತಾಳೆ, ಸಿಂಕ್ರೊ ರಿಂಗ್ ಸವೆದು ಬಂದದ್ದು. ಅದನ್ನು ಕಾಲಿನಲ್ಲೇ ಪಕ್ಕಕ್ಕೆ ತಳ್ಳಿದರು. ಎರಡನೆಯದರ ಇನ್‌ಪುಟ್ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರು, ಒಂದೊಂದೇ ಗೇರಿಗೆ ಹಾಕಿ ತಿರುಗಿಸಿ ಕಿವಿ ಇಟ್ಟರು. ಆಮೇಲೆ ಬೋಲ್ಟ್ ಕಿವಿಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಮೇಲೆ ಸೀಮೆಸುಣ್ಣ ಉಜ್ಜಿದರು. ಐದು ನಿಮಿಷ ಕಳೆದು ನೋಡಿದರೆ ಒಂದು ಕಿವಿಯ ಬುಡದಲ್ಲಿ ಕೂದಲಿನ ಹಾಗೆ ಒದ್ದೆ ಗೆರೆ. ಬಿರುಕಿನ ಒಳಗೆ ಹೋದ ಎಣ್ಣೆ ಸುಣ್ಣಕ್ಕೆ ಹೀರಿ ಬರುತ್ತದೆ. ಬರೀ ಕಣ್ಣಿಗೆ ಅಲ್ಲಿ ಏನೂ ಇರಲಿಲ್ಲ. "ಇದನ್ನು ತಗೊಂಡ್ರೆ ಘಾಟಿಯಲ್ಲಿ ಕಿವಿ ಕೈಗೆ ಬರ್ತದೆ ಮಾರಾಯ್ರೆ" ಅಂದರು. ಮೂರನೆಯದನ್ನು ತಂದೆವು.

ತಂದ ಮೇಲೂ ನೇರ ಬಿಚ್ಚಲಿಕ್ಕೆ ಬಿಡಲಿಲ್ಲ. ಎರಡು ದಿನ ಬರೀ ಅಳತೆ. ಕ್ಲಚ್ಚನ್ನು ಮುಚ್ಚುವ ಬೆಲ್ ಹೌಸಿಂಗಿನ ಮುಖದಿಂದ ಟ್ರಾನ್ಸ್‌ಫರ್ ಕೇಸಿನ ಮುಖದವರೆಗೆ, ಅಲ್ಲಿಂದ ಹಿಂದಿನ ಪಿನಿಯನ್ ಫ್ಲೇಂಜಿನವರೆಗೆ, ಮುಂದಿನ ಫ್ಲೇಂಜಿನವರೆಗೆ, ಗೇರ್ ಲಿವರಿನಿಂದ ಡ್ಯಾಶ್‌ಬೋರ್ಡಿಗೆ, ಲಿವರಿನಿಂದ ಸೀಟಿಗೆ, ಕ್ರಾಸ್ ಮೆಂಬರಿನ ತೂತುಗಳ ನಡುವೆ. ಗಾಡಿ ನಾಲ್ಕು ಚಕ್ರದ ಮೇಲೆ ಸಮತಟ್ಟಾಗಿ ನಿಂತಿರುವಾಗಲೇ ಇದೆಲ್ಲ ಆಗಬೇಕು. ಜಾಕಿನ ಮೇಲೆ ಎತ್ತಿದರೆ ಸ್ಪ್ರಿಂಗ್ ಜೋತುಬಿದ್ದು ಶಾಫ್ಟಿನ ಅಳತೆ ಸುಳ್ಳಾಗುತ್ತದೆ. ಹೊಸ ಪೆಟ್ಟಿಗೆ ಪಕ್ಕ ಇಟ್ಟು ಅಳೆದಾಗ ನಮ್ಮ ಗಾಡಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಮೂರು ಇಂಚು ಚಿಲ್ಲರೆ ಹಿಂದಕ್ಕೆ ಹೋಗುತ್ತದೆ ಅಂತ ಬಿಚ್ಚುವ ಮೊದಲೇ ಗೊತ್ತಿತ್ತು. ನಿಮ್ಮ ಗಾಡಿಯಲ್ಲಿ ಇದೇ ಅಳತೆ ಬರುವುದಿಲ್ಲ. ನಡುವೆ ಯಾರು ಯಾವ ಪ್ಲೇಟ್ ಇಟ್ಟಿದ್ದಾರೋ ಅದರ ಮೇಲೆ ಹೋಗುತ್ತದೆ.

ಹಾಗೇ ಎರಡು ಪೆಟ್ಟಿಗೆಯನ್ನು ಒಂದನೇ ಗೇರಿಗೆ ಹಾಕಿ ಇನ್‌ಪುಟ್ ಶಾಫ್ಟ್ ಕೈಯಲ್ಲಿ ತಿರುಗಿಸಿ ನೋಡಿದೆವು. ಹಳೆಯದರಲ್ಲಿ ಮೂರು ಸುತ್ತಿಗೆ ಸ್ವಲ್ಪ ಮೊದಲೇ ಹಿಂದಿನ ಶಾಫ್ಟ್ ಒಂದು ಸುತ್ತು ಮುಗಿಸಿತು. ಹೊಸದರಲ್ಲಿ ಮೂರೂವರೆ ದಾಟಿದ ಮೇಲೆ. ಸ್ಪೈಸರ್ 18ರ ಲೋ ಗೇರು 2.46. ಹಳೇ ಲೆಕ್ಕ: 2.798 ಗುಣಿಸು 2.46 ಗುಣಿಸು 5.38, ಬಂದದ್ದು 37. ಹೊಸದರಲ್ಲಿ ಬರೀ ಮೂರೂವರೆ ಅಂತ ಹಿಡಿದರೂ 46 ದಾಟುತ್ತದೆ. ಅಂದರೆ ಚಕ್ರ ಒಂದು ಸುತ್ತು ಬರಲಿಕ್ಕೆ ಇಂಜಿನ್ 46 ಸುತ್ತು. ನಮ್ಮ ಜಾರುವ ದಾರಿಗೆ ಬೇಕಿದ್ದದ್ದು ಅದೇ. ಏರುವುದಕ್ಕಿಂತ ಹೆಚ್ಚಾಗಿ ಇಳಿಯಲಿಕ್ಕೆ.

ಟ್ರಾನ್ಸ್‌ಫರ್ ಕೇಸ್ ಬಿಚ್ಚಿದಾಗ ಒಂದು ವಿಷಯ ನೋಡಿಕೊಳ್ಳಿ. ಗೇರ್‌ಬಾಕ್ಸಿನ ಶಾಫ್ಟಿನ ತುದಿಯಲ್ಲಿ ಕೂರುವ ಗೇರು ಮತ್ತು ಟ್ರಾನ್ಸ್‌ಫರ್ ಕೇಸಿನ ನಡುವಿನ ಗೇರು ಜೋಡಿ. ಬೇರೆ ಬೇರೆ ವರ್ಷದಲ್ಲಿ ಹಲ್ಲಿನ ಸಂಖ್ಯೆ ಬೇರೆ, ಒಂದನ್ನು ಇಲ್ಲಿಂದ ಇನ್ನೊಂದನ್ನು ಅಲ್ಲಿಂದ ತಂದರೆ ಕೂರುವುದಿಲ್ಲ, ಕೂತರೂ ಊಳಿಡುತ್ತದೆ. ನಡುವಿನ ಗೇರು ಒಂದು ಪಿನ್ನಿನ ಮೇಲೆ ನೀಡಲ್ ಬೇರಿಂಗಿನಲ್ಲಿ ತಿರುಗುತ್ತದೆ. ಸ್ಪೈಸರ್ 18ರಲ್ಲಿ ಮೊದಲು ಸವೆಯುವುದು ಆ ಪಿನ್ನೇ. ನಮ್ಮದರಲ್ಲಿ ಉಗುರಿಗೆ ತಾಗುವಷ್ಟು ಗೆರೆ ಬಿದ್ದಿತ್ತು. ಪಿನ್ನು, ನೀಡಲ್, ಎರಡೂ ಕಡೆಯ ವಾಷರ್ ಹೊಸದು ಹಾಕಿದೆವು.

ಇನ್ನು ನಮಗಾದ ತಪ್ಪು. ಇದನ್ನು ಪೂರ್ತಿ ಹೇಳಬೇಕು, ಯಾಕಂದ್ರೆ ಇದರಿಂದ ಹನ್ನೊಂದು ದಿನ ಹೋಯಿತು. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೂತಿ ಇಂಜಿನ್ನಿನ ಕ್ರ್ಯಾಂಕ್ ತುದಿಯ ಒಂದು ಸಣ್ಣ ಬುಷ್ಷಿನಲ್ಲಿ ಕೂರುತ್ತದೆ, ಸ್ಪಿಗಾಟ್ ಬುಷ್ ಅಂತ. ಹೆಬ್ಬೆರಳಿನಷ್ಟು ಸಾಮಾನು. ಹಳೆಯದು ಸವೆದಿತ್ತು ಅಂತ ಲೇತಿನಲ್ಲಿ ಹೊಸದು ಮಾಡಿಸಿದೆವು. ಶಾಫ್ಟಿನ ಮೂತಿಗೆ ಹಾಕಿ ನೋಡಿದರೆ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಹಾಕಿ, ಮರುದಿನ ಕ್ರ್ಯಾಂಕಿಗೆ ಬಡಿದು ಕೂರಿಸಿ, ಗೇರ್‌ಬಾಕ್ಸ್ ಏರಿಸಿದೆವು. ಕೊನೆಯ ಕಾಲಿಂಚು ಬಿಗಿ ಬಂತು. ಮೇಸ್ತ್ರಿ ಅವತ್ತು ಇರಲಿಲ್ಲ. ನಾನು ಮತ್ತು ಸಹಾಯಕ್ಕೆ ಬಂದ ಹುಡುಗ ಸೇರಿ ಬೋಲ್ಟ್ ತಿರುಗಿಸಿ ತಿರುಗಿಸಿ ಅದನ್ನು ಎಳೆದು ಕೂರಿಸಿದೆವು.

ಇಂಜಿನ್ ಸ್ಟಾರ್ಟ್ ಆಯಿತು. ಕ್ಲಚ್ ಪೂರ್ತಿ ಒತ್ತಿ ರಿವರ್ಸ್ ಹಾಕಿದರೆ ಗರ್ರ್ ಅಂತ ಉಜ್ಜುವ ಶಬ್ದ. ಒಂದನೇ ಗೇರೂ ಬೀಳಲಿಲ್ಲ. ಇಂಜಿನ್ ಆಫ್ ಮಾಡಿದರೆ ಎಲ್ಲ ಗೇರೂ ಸಲೀಸು. ಕ್ಲಚ್ ಲಿಂಕ್ ಅಡ್ಜಸ್ಟ್ ಮಾಡಿದೆವು, ಪೆಡಲಿನ ಫ್ರೀ ಪ್ಲೇ ನೋಡಿದೆವು, ಕ್ಲಚ್ ಪ್ಲೇಟ್ ತಿರುಗಾಮುರುಗಾ ಹಾಕಿದೆವೋ ಅಂತ ಅನುಮಾನ ಬಂತು. ಮೇಸ್ತ್ರಿ ಬಂದು ಕೇಳಿದ್ದು ಒಂದೇ ಮಾತು: "ಬುಷ್ ಕೂರಿಸಿದ ಮೇಲೆ ಅಳೆದಿದ್ದೀರಾ?" ಅಳೆದಿರಲಿಲ್ಲ, ಕೂರಿಸುವ ಮೊದಲು ಅಳೆದಿದ್ದೆವು. ಬಿಗಿ ತೂತಿಗೆ ಬಡಿದು ಕೂರಿಸಿದ ಬುಷ್ ಹೊರಗಿನಿಂದ ಒತ್ತಡ ಬಿದ್ದು ಒಳಗೆ ಕಿರಿದಾಗುತ್ತದೆ. ನಮ್ಮದು ಒಳಗೆ ಶಾಫ್ಟನ್ನು ಹಿಡಿದುಕೊಂಡಿತ್ತು. ಕ್ಲಚ್ ಬಿಟ್ಟುಕೊಟ್ಟರೂ ಬುಷ್ ಬಿಡುತ್ತಿರಲಿಲ್ಲ, ಇಂಜಿನ್ ಜೊತೆ ಶಾಫ್ಟ್ ತಿರುಗುತ್ತಲೇ ಇತ್ತು. ಮತ್ತೆ ಎಲ್ಲ ಇಳಿಸಿದೆವು. ಬುಷ್ಷಿನ ಒಳಗೆ ನೀಲಿ ಬಣ್ಣಕ್ಕೆ ತಿರುಗಿದ ಒಂದು ಉಂಗುರ, ಶಾಖಕ್ಕೆ. ಬೋಲ್ಟಿನಲ್ಲಿ ಎಳೆದದ್ದಕ್ಕೆ ಕ್ಲಚ್ ಪ್ಲೇಟಿನ ನಡುವಿನ ಹಬ್ ಕೂಡ ಬಗ್ಗಿತ್ತು, ಅದೂ ಹೊಸದು ಬೇಕಾಯಿತು. ಎರಡನೇ ಸಲ ಬುಷ್ ಕೂರಿಸಿ, ಆಮೇಲೆ ತೂತು ಸವರುವ ರೀಮರ್ ಹಾಕಿ, ಶಾಫ್ಟಿಗೆ ಒಂದೆರಡು ಥೌ, ಅಂದರೆ ಇಂಚಿನ ಸಾವಿರದಲ್ಲಿ ಒಂದೆರಡು ಭಾಗ, ಸಡಿಲ ಬಿಟ್ಟೆವು. ಬೆಲ್ ಹೌಸಿಂಗಿನ ತೂತು ಕ್ರ್ಯಾಂಕಿಗೆ ಸರಿಯಾಗಿ ನಡುವಿಗೆ ಬಂದಿದೆಯಾ ಅಂತ ಡಯಲ್ ಗೇಜ್ ಹಿಡಿದು ನೋಡಿದೆವು, 5 ಥೌ ಒಳಗಿರಬೇಕು, ಇತ್ತು. ಈ ಸಲ ಗೇರ್‌ಬಾಕ್ಸ್ ಕೈಯಲ್ಲಿ ತಳ್ಳಿದ್ದಕ್ಕೇ ಮುಖಕ್ಕೆ ಮುಖ ತಾಗಿ ಟಪ್ ಅಂತ ಕೂತಿತು. ಆ ಶಬ್ದ ಕೇಳಿದ ಮೇಲೆಯೇ ಬೋಲ್ಟ್ ಹಾಕಿದ್ದು.

ಪ್ರೊಪೆಲ್ಲರ್ ಶಾಫ್ಟ್ ಹಿಂದಿನದ್ದು ಗಿಡ್ಡ ಮಾಡಿಸಿದೆವು, ಮುಂದಿನದ್ದಕ್ಕೆ ಉದ್ದ ಪೈಪ್ ಹಾಕಿಸಿ ಹೊಸದಾಗಿ ಕಟ್ಟಿಸಿದೆವು. ಎರಡನ್ನೂ ಮಂಗಳೂರಿನಲ್ಲಿ ಬ್ಯಾಲೆನ್ಸ್ ಮಾಡಿಸಿ ತಂದೆವು. ಎರಡೂ ತುದಿಯ ನೊಗ ಒಂದೇ ಸಾಲಿನಲ್ಲಿ ಇರಬೇಕು, ಒಂದು ಹಲ್ಲು ತಪ್ಪಿ ಹಾಕಿದರೂ ಗಾಡಿ ನಡುಗುತ್ತದೆ. ಕಳಚುವಾಗಲೇ ಪೇಂಟಿನಲ್ಲಿ ಗುರುತು ಹಾಕಿಡಿ. ಹ್ಯಾಂಡ್‌ಬ್ರೇಕಿನ ಡ್ರಮ್ ಈ ಜೀಪುಗಳಲ್ಲಿ ಟ್ರಾನ್ಸ್‌ಫರ್ ಕೇಸಿನ ಬೆನ್ನಿಗೇ ಇರುತ್ತದೆ, ಅದು ಹಿಂದೆ ಹೋದದ್ದರಿಂದ ಕೇಬಲೂ ಬದಲಾಯಿತು.

ಎಣ್ಣೆಯ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ಗೇರ್ ಆಯಿಲ್ ಅಂತ ಕೇಳಿದರೆ ಜಿಎಲ್-5 ಅನ್ನೋ ದರ್ಜೆಯ ಎಣ್ಣೆ ಕೊಟ್ಟುಬಿಡುತ್ತಾರೆ. ಅದು ಹೌಸಿಂಗಿಗೆ ಸರಿ. ಈ ಹಳೇ ಗೇರ್‌ಬಾಕ್ಸಿನ ಸಿಂಕ್ರೊ ರಿಂಗ್ ಹಿತ್ತಾಳೆಯದ್ದು, ಜಿಎಲ್-5ರಲ್ಲಿರುವ ಗಂಧಕದ ಅಂಶ ಕೆಲವು ಸಲ ಅದನ್ನು ತಿನ್ನುತ್ತದೆ. ಜಿಎಲ್-4 ಕೇಳಿ ತಗೊಳ್ಳಿ.

ತೋಡು ದಾಟುವವರಿಗೆ ಇನ್ನೊಂದು. ಹೌಸಿಂಗಿನ ಮೇಲೆ ಗಾಳಿ ಆಡಲಿಕ್ಕೆ ಒಂದು ಸಣ್ಣ ತೂತು, ಬ್ರೀದರ್ ಅಂತ, ಇರುತ್ತದೆ, ಹೆಚ್ಚಿನ ಗಾಡಿಯಲ್ಲಿ ಮಣ್ಣು ತುಂಬಿ ಮುಚ್ಚಿರುತ್ತದೆ. ಗಾಡಿ ಓಡಿ ಹೌಸಿಂಗ್ ಬಿಸಿಯಾಗಿರುವಾಗ ತಣ್ಣಗಿನ ನೀರಿಗೆ ಇಳಿಸಿದರೆ ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ, ಬ್ರೀದರ್ ಮುಚ್ಚಿದ್ದರೆ ಆಯಿಲ್ ಸೀಲಿನ ಸಂದಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಡ್ರೈನ್ ಮಾಡಿದಾಗ ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣಕ್ಕೆ ಬಂದಿದ್ದರೆ ಇದೇ ಕಾರಣ. ನಮ್ಮ ಮುಂದಿನ ಹೌಸಿಂಗಿನಿಂದ ಬಂದದ್ದು ಅದೇ. ಈಗ ಎರಡೂ ಹೌಸಿಂಗ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಎಲ್ಲದರ ಬ್ರೀದರಿಗೂ ರಬ್ಬರ್ ಪೈಪ್ ಹಾಕಿ ಬಾನೆಟ್ ಒಳಗಿನವರೆಗೆ ಎತ್ತಿ ಕಟ್ಟಿದ್ದೇವೆ. ಬರೀ ಒಂದು ಸಂಜೆಯ ಕೆಲಸ, ಖರ್ಚು ಏನೂ ಇಲ್ಲ ಅಂತಲೇ ಹೇಳಬೇಕು.

ಡಾಂಬರು ರಸ್ತೆಯಲ್ಲಿ ಫೋರ್‌ವೀಲ್ ಹಾಕಿ ಓಡಿಸಬೇಡಿ, ಒಣಗಿರುವಾಗಂತೂ ಬೇಡವೇ ಬೇಡ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಹೋಗುತ್ತದೆ, ಈ ಟ್ರಾನ್ಸ್‌ಫರ್ ಕೇಸಿನಲ್ಲಿ ಅದನ್ನು ಸರಿತೂಗಿಸುವ ಡಿಫರೆನ್ಶಿಯಲ್ ಇಲ್ಲ. ಮಣ್ಣಿನಲ್ಲಿ ಚಕ್ರ ಜಾರಿ ಸರಿಹೋಗುತ್ತದೆ, ಡಾಂಬರಿನಲ್ಲಿ ಜಾರುವುದಿಲ್ಲ, ಶಾಫ್ಟ್ ತಿರುಚಿಕೊಂಡು ಲಿವರ್ ಕಚ್ಚಿಕೊಳ್ಳುತ್ತದೆ. ಆಗ ಲಿವರನ್ನು ಒದ್ದು ತೆಗೆಯುವುದು ಬೇಡ, ಸ್ವಲ್ಪ ರಿವರ್ಸ್ ಬಂದರೆ ಸಡಿಲ ಆಗುತ್ತದೆ.

ಕಾಗದಪತ್ರದ ಬಗ್ಗೆ ಆಗಲೇ ಒಬ್ಬರು ಕೇಳಿದರು. ಆರ್‌ಸಿಯಲ್ಲಿ ಚಾಸಿಸ್ ನಂಬರ್, ಇಂಜಿನ್ ನಂಬರ್ ಇರುತ್ತದೆ, ಗೇರ್‌ಬಾಕ್ಸಿಗೆ ನಂಬರ್ ಕಾಲಂ ಇಲ್ಲ. ಅಪ್ಪ ಡೀಸೆಲ್ ಹಾಕಿಸಿದಾಗಲೇ ಇಂಜಿನ್ ನಂಬರ್ ಮತ್ತು ಇಂಧನ ಎರಡನ್ನೂ ಆರ್‌ಟಿಒದಲ್ಲಿ ಬರೆಸಿದ್ದರು, ಹಾಗಾಗಿ ನನಗೆ ಕಷ್ಟ ಆಗಲಿಲ್ಲ. ಗಾಡಿಯ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಉಂಟು. ಇಂಜಿನ್ ಅಥವಾ ಬಾಡಿ ಮುಟ್ಟುವವರು ಕೆಲಸಕ್ಕೆ ಮೊದಲೇ ಆರ್‌ಟಿಒಗೆ ಹೋಗಿ ಕೇಳಿ.

ಕಳೆದ ಜುಲೈಯಲ್ಲಿ, ಮೂರು ದಿನ ಬಿಡದೆ ಮಳೆ ಬಂದ ಮೇಲೆ, ಅದೇ ತೋಟದ ದಾರಿಗೆ ಇಳಿಸಿದೆವು. ಹಿಂದೆ ಹತ್ತು ಮೂಟೆ ಗೊಬ್ಬರ, ಈ ಸಲ ಮೇಲೆ ಯಾರನ್ನೂ ಕೂರಿಸಲಿಲ್ಲ. ಮೇಲೆಯೇ ನಿಲ್ಲಿಸಿ ಮೊದಲು ಫೋರ್‌ವೀಲ್, ಆಮೇಲೆ ಲೋ ಗೇರು. ಈ ಟ್ರಾನ್ಸ್‌ಫರ್ ಕೇಸಿನಲ್ಲಿ ಆ ಕ್ರಮದಲ್ಲೇ ಬೀಳುವುದು. ಒಂದನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎರಡೂ ಕಾಲು ನೆಲದ ಮೇಲೆ ಇಟ್ಟೆ. ಅಪ್ಪ ಪಕ್ಕದ ಸೀಟಿನಲ್ಲಿ ಮೇಲಿನ ಹಿಡಿ ಹಿಡಿದುಕೊಂಡು ಕೂತಿದ್ದರು. ಗಾಡಿ ಮನುಷ್ಯ ನಡೆಯುವುದಕ್ಕಿಂತ ನಿಧಾನಕ್ಕೆ ಇಳಿಯಿತು, ಪಕ್ಕದಲ್ಲಿ ನಡೆದು ಬರುತ್ತಿದ್ದ ತಮ್ಮ ನಮಗಿಂತ ಮುಂದೆ ಹೋದ. ಎರಡನೇ ತಿರುವಿನಲ್ಲಿ, ಧರೆಯಲ್ಲಿ ಹಳೇ ಗೀರು ಇನ್ನೂ ಕಾಣುವ ಜಾಗದಲ್ಲಿ, ಅಪ್ಪ ಹಿಡಿಯಿಂದ ಕೈ ತೆಗೆದರು. ಕೆಳಗೆ ಬಂದ ಮೇಲೆ "ನಾಡಿದ್ದು ಅಡಿಕೆಗೆ ಇದನ್ನೇ ತರುವ" ಅಂದರು.

ಹಳೇ ಟಿ-90ಯನ್ನು ನಾನು ಗುಜರಿಗೆ ಹಾಕಿಲ್ಲ. ಎರಡನೇ ಗೇರು, ಅದರ ಹಬ್ ಬಿಟ್ಟರೆ ಉಳಿದದ್ದೆಲ್ಲ ಚೆನ್ನಾಗಿದೆ. ಕೇಸಿನಲ್ಲಿ ಬಿರುಕಿಲ್ಲ, ಸೀಮೆಸುಣ್ಣ ಹಾಕಿ ನೋಡಿದ್ದೇವೆ. ಎಣ್ಣೆ ಬಳಿದು ಗೋಣಿಯಲ್ಲಿ ಸುತ್ತಿ ಗಾಡಿಯಲ್ಲೇ ತಂದಿದ್ದೇನೆ, ಹಿಂದೆ ಹಲಗೆಯ ಮೇಲೆ ಇದೆ. ನಿಮ್ಮಲ್ಲಿ ಯಾರಾದರೂ ಪೆಟ್ರೋಲ್ ಜೀಪನ್ನು ಮೊದಲಿದ್ದ ಹಾಗೇ ಮಾಡಿಸುತ್ತಿದ್ದರೆ ತಗೊಂಡು ಹೋಗಿ, ದುಡ್ಡು ಬೇಡ. ಇಬ್ಬರು ಹಿಡಿದರೆ ಇಳಿಸಬಹುದು. ಅಳತೆ ಪುಸ್ತಕ ಮೇಜಿನ ಮೇಲೆ ಇಟ್ಟಿದ್ದೇನೆ, ಫೋಟೊ ತೆಗೆದುಕೊಳ್ಳಿ. ಬಾನೆಟ್ ಎತ್ತಿಟ್ಟಿದೆ, ಬನ್ನಿ.